ಬೀಗರ ಹೇಸರಗತ್ತೆ

ಕಾಡುದಾರಿ ಶುರುವಾಗುವಲ್ಲಿ, ಪಿಕಪ್ಪಿನೊಳಗೆ, ಮೊಂಟಾನಾ
ನವೆಂಬರ್ 9

ಮಗಳೇ ಥಿಯಾ,

ಅದೆಲ್ಲ ಸರಿ, ಆದರೆ ನೀನು ಹೊಡೆದ ಜಿಂಕೆಯನ್ನು ಆ ವರ್ಲಿನ್ ಬೀಗರ ಹೇಸರಗತ್ತೆಯ ಮೇಲೇ ಯಾಕೆ ಹೇರಿಸಿದೆ? ನಿನ್ನೆ ಫೋನಿನಲ್ಲಿ ನೀನು ನಗುತ್ತಾ ಹೇಳಿದೆ, ನಾನೂ ನಕ್ಕೆ, ಫೋನಿಟ್ಟ ಮೇಲೆ ನಿದ್ದೆ ಬರಲಿಲ್ಲ. ಇರಲಿ, ಮೊದಲು ಹೇಳು, ಕೆಮ್ಮು ಹೋಯಿತೇ? ಹೆಲೆನಾದಲ್ಲಿ ಹಿಮ ಬಿತ್ತೇ? ನಿನ್ನ ಗಂಡನ ಸೊಂಟನೋವು ಹೇಗಿದೆ? ಅವನಪ್ಪನ ಸೊಂಟ ಗಟ್ಟಿಯಾಗಿದೆಯೆಂದು ನೀನೇ ಹೇಳಿದೆಯಲ್ಲ, ಗುಡ್ಡ ಹತ್ತುವಾಗಲೂ ಸಿಳ್ಳೆ ಹಾಕುತ್ತಾರಂತೆ. ಹೊರೆಯನ್ನೆಲ್ಲ ಕತ್ತೆ ಹೊತ್ತರೆ ಯಾರು ಬೇಕಾದರೂ ಸಿಳ್ಳೆ ಹಾಕಬಹುದು.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಹೊಡೆದ ಜಿಂಕೆಯನ್ನು ಕಾಡಿನಿಂದ ಹೊರಗೆ ತರಲು ಯಾರು ಕೈಹಾಕಿದರೋ, ಬೆನ್ನೆಲುಬಿನ ಒಳಗಿನ ಮೆತ್ತನೆ ಮಾಂಸ ಅವರಿಗೆ, ಅವತ್ತೇ, ಬೆಣ್ಣೆಯಲ್ಲಿ ಹುರಿದು. ನೀನು ಬಂದೂಕು ಹಿಡಿದಾಗಿನಿಂದ ಅದು ನನ್ನ ಪಾಲು. ನಿನ್ನಮ್ಮ ಇದ್ದಾಗ ಬಾಣಲೆಯಿಂದಲೇ ಅರ್ಧ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ಅದು ಬೇರೆ ಮಾತು. ಈ ಸಲ ಅದು ಬೀಗರ ತಟ್ಟೆಗೆ ಹೋಯಿತು. "ನಿನ್ ಮಂಡಿ ನೋಯುತ್ತೆ ಅಂತ ಕರೀಲಿಲ್ಲ ಅಪ್ಪಾ" ಅಂದೆ. ಹೊಟ್ಟೆಕಿಚ್ಚಿಗೆ ಕಾಲೇಜಿನಲ್ಲಿ ಏನೋ ಒಂದು ಭಾರಿ ಪದ ಕಲಿಸಿದ್ದರು, ಲ್ಯಾಟಿನ್ ಬಾಲವಿದ್ದದ್ದು. ಮರೆತೇಹೋಗಿದೆ. ಉರಿ ಮಾತ್ರ ಎಲ್ಲಿ ಕೂರುತ್ತದೆಂದು ಚೆನ್ನಾಗಿ ಗೊತ್ತು.

ಅದಕ್ಕೇ ಬೆಳಿಗ್ಗೆ ಒಬ್ಬನೇ ಬಂದೆ. ದಾರಿಗಿಂತ ಕೆಳಗಿರುವ ಜಿಂಕೆಗೆ ಗುರಿ ಇಡಬೇಡ, ಅದನ್ನು ಮೇಲೆ ಹೊತ್ತು ತರಬೇಕಾದವಳು ನೀನೇ ಎಂದು ನಿನಗೆ ಹೇಳಿಕೊಟ್ಟವನು ನಾನು. ಇವತ್ತು ದಾರಿಯ ಕೆಳಗಿನ ಹೊಂಡದ ತಳದಲ್ಲಿ ಒಂದು ಗಂಡುಜಿಂಕೆ ನಿಂತಿತ್ತು. ಕೊಂಬು ನಿನ್ನ ಜಿಂಕೆಯದಕ್ಕಿಂತ ಅಗಲ. ಇದನ್ನು ಬೀಗರು ನೋಡಬೇಕು ಅನ್ನಿಸಿತು, ಹೊಡೆದೆ. ತುಂಡು ಮಾಡಿ ಬಟ್ಟೆಚೀಲಗಳಲ್ಲಿ ಕಟ್ಟಿ ಪೈನ್ ಮರಕ್ಕೆ ನೇತುಹಾಕಿ, ಒಂದು ತೊಡೆಯನ್ನು ಬೆನ್ನಿಗೇರಿಸಿ ಹೊರಟೆ. ಅರ್ಧ ಏರಿನಲ್ಲಿ ಮಂಡಿ ಕೈಕೊಟ್ಟಿತು. ಉಳಿದರ್ಧವನ್ನು ಕೂತುಕೊಂಡೇ, ಚೀಲ ಎಳೆದುಕೊಂಡು, ಮಗು ಮೆಟ್ಟಿಲು ಹತ್ತುವ ಹಾಗೆ ಹತ್ತಿದೆ. ಉಳಿದ ಮಾಂಸ ಅಲ್ಲೇ ಮರದಲ್ಲಿ ತೂಗುತ್ತಿದೆ. ಕರಡಿಗಳು ಇನ್ನೂ ಚಳಿಗಾಲದ ನಿದ್ದೆಗೆ ಹೋಗಿಲ್ಲ.

ಫೋನ್ ಸಿಗುವ ಸೇತುವೆಯವರೆಗೆ ಗಾಡಿ ಓಡಿಸಿ ಬಹಳ ಹೊತ್ತು ಕೂತಿದ್ದೆ. ಈ ಕಣಿವೆಯಲ್ಲಿ ಹೇಸರಗತ್ತೆ ಇರುವುದು ಒಬ್ಬರ ಹತ್ತಿರ. ಕೊನೆಗೆ ಅವರಿಗೇ ಫೋನ್ ಮಾಡಿದೆ.

"ದಾರಿಯಿಂದ ಮೇಲೋ ಕೆಳಗೋ ಬೀಗರೇ?" ಅಂದರು.

"ಕೆಳಗೆ" ಅಂದೆ.

"ಥಿಯಾ ನಮಗೆ ಹೇಳಿದ್ದು ಬೇರೆ ಇತ್ತಲ್ಲ. ಕೆಳಗೆ ಹೊಡೆದರೆ ಅಪ್ಪ ಬೈತಾರೆ ಅಂತ ಮೂರು ಒಳ್ಳೇ ಜಿಂಕೆ ಬಿಟ್ಳು. ದಾರಿಯುದ್ದಕ್ಕೂ ಅಪ್ಪ ಗಂಟು ಹಿಂಗೆ ಹಾಕೋರು, ಅಪ್ಪ ಹೊರೆ ಹಂಗೆ ಕಟ್ಟೋರು ಅಂತಿದ್ಲು. ನನ್ ಕತ್ತೆ, ನನ್ ಹಗ್ಗ, ಹೆಸರು ನಿಮ್ದು. ಕೇಳಿ ಕೇಳಿ ನನಗೂ ಸಾಕಾಗಿತ್ತು ಮಾರಾಯ್ರೇ. ಬರ್ತೀನಿ, ಇರಿ."

ಆ ಮನುಷ್ಯನ ದನಿಯಲ್ಲಿ ನನ್ನದೇ ಉರಿ ಕೇಳಿಸಿತು. ಮತ್ತೆ ಇಲ್ಲಿಗೆ ಬಂದು ಮಂಡಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದೇನೆ. ಸುಳ್ಳು ಯಾಕೆ, ನೋವು ಕಡಿಮೆಯಾದ ಹಾಗಿದೆ. ಮೆತ್ತನೆ ಮಾಂಸ ಈ ಸಲವೂ ಅವರಿಗೇ ಹೋಗುತ್ತದೆ, ಪದ್ಧತಿ ಪದ್ಧತಿಯೇ. ನಮ್ಮ ಬಾಣಲೆಯಲ್ಲೇ ಹುರಿದು ಕೊಡುತ್ತೇನೆ. ಉಪ್ಪು ಸ್ವಲ್ಪ ಹೆಚ್ಚಾದರೆ ನನ್ನನ್ನು ಕೇಳಬೇಡ.

ಅಕ್ಷರ ಕಾಣುತ್ತಿಲ್ಲ, ಬೆಳಕು ಗುಡ್ಡದ ಹಿಂದಕ್ಕೆ ಜಾರುತ್ತಿದೆ. ಅಳಿಯನನ್ನು ಕೇಳಿದೆನೆಂದು ಹೇಳು. ನೀನು ಬೆಚ್ಚಗಿರು, ತಾಯಿ.

ನಿನ್ನ ಅಪ್ಪ,
ಆರ್ಲೊ

ತಾ.ಕ.: ಬೀಗರ ಗಾಡಿಯ ದೀಪ ತಿರುವಿನಲ್ಲಿ ಕಂಡಿತು, ಬೇಗ ಬೇಗ ಬರೆದು ಮುಗಿಸುತ್ತೇನೆ. ಮುಂದಿನ ವರ್ಷ ನನ್ನನ್ನು ಕರೆ. ಮಂಡಿಯನ್ನು ಕೇಳಬೇಡ, ನನ್ನನ್ನು ಕೇಳು. ಹೊರಲು ಆಗದಿದ್ದರೆ ದಾರಿಯ ಮೇಲೆ ನಿಂತು ಕತ್ತೆ ಹಿಡಿದುಕೊಂಡಿರುತ್ತೇನೆ.