ಕೊಳೆತ ಕ್ಯಾಪ್ಟನ್‌ಗೆ ಹೊಸ ಮುಖ

ಫೆಬ್ರವರಿ 7, 1998. ದುಬೈ
ಬೆಳಿಗ್ಗೆಯಿಂದ ಮತ್ಸ್ಯಕನ್ಯೆಯ ಮೊಣಕೈ ಬರೆಯುತ್ತಿದ್ದೇನೆ. ಹಳೇ ಅಮೆರಿಕನ್ ಹಡಗುಗಳ ಮೂತಿಗೆ ಕೂರಿಸುತ್ತಿದ್ದ ಮರದ ಬೊಂಬೆ. ಬೊಂಬೆಯ ಮಾಲೀಕ ಅಮೆರಿಕದ ಮುದುಕ. ತಾನು ಕೂಡಿಟ್ಟ ಎಲ್ಲ ಬೊಂಬೆಗಳ ಚಿತ್ರ ನಮ್ಮ ಕಂಪನಿಯಿಂದ ಬರೆಸಿ ಪುಸ್ತಕ ಮಾಡುತ್ತಾನಂತೆ. ಅವನ ನಿಯಮ ಒಂದೇ — ಇದ್ದದ್ದು ಇದ್ದಂತೆ. ಬಿರುಕು, ಉದುರಿದ ಬಣ್ಣ, ಹುಳು ತಿಂದ ತೂತು, ಎಲ್ಲ. ವಾಟರ್‌ಕಲರ್‌ನಲ್ಲಿ ಮರ ಮರದಂತೆಯೇ ಕಾಣುತ್ತಿದೆ. ಖುಷಿ.

ಫೆಬ್ರವರಿ 19
ಪುಸ್ತಕದ ಪ್ರೂಫ್ ಬಂತು. ಪ್ರತಿ ಚಿತ್ರದ ಕೆಳಗೂ ನಮ್ಮ ಬಾಸ್ ಪುರಂದರ ಅವರ ಹೆಸರು. ನನ್ನದು ಎಲ್ಲೂ ಇಲ್ಲ. ಕೇಳಿದೆ.
"ಎಂತ ಬಿಂದು, ಕಂಪನಿ ನನ್ನದಲ್ವಾ? ನಿನ್ನ ವೀಸಾ ಮಾಡಿಸಿದ್ದು ಯಾರು?"
ಬ್ರಶ್ ಹಿಡಿಯಲು ಬರದವನು! ಬಿಡುವುದಿಲ್ಲ.

ಮಾರ್ಚ್ 3
ಕ್ಯಾಪ್ಟನ್ ಬೊಂಬೆಯ ಮುಖ ಪೂರ್ತಿ ಕೊಳೆತುಹೋಗಿದೆ. ಅದರ ನಕಲು ಕೆತ್ತಿಸಿ ಕ್ರೀಕಿನ ಹಿನ್ನೀರಿನಲ್ಲಿ ಓಡುವ ತನ್ನ ಡಿನ್ನರ್ ಬೋಟಿಗೆ ಹಾಕಿಸುವ ಆಸೆ ಮುದುಕನಿಗೆ. ಕೆತ್ತಲು ಚಿತ್ರ ಬೇಕು.
"ಮುಖ ನೀನೇ ಎಂತದಾದ್ರೂ ಹಾಕು ಮಾರಾಯ್ತಿ. ಬೇಗ ಖಲಾಸ್ ಮಾಡು," ಎಂದರು ಬಾಸ್.
ನಾನೇ ಹಾಕಬೇಕಾ? ಹಾಕಿದೆ...
ವರ್ಷಗಟ್ಟಲೆ ಬಾಸ್ ಫೋನಿನಲ್ಲಿ ಹರಟುವುದನ್ನು ಪಕ್ಕದ ಮೇಜಿನಿಂದ ನೋಡಿದ್ದೇನೆ. ಬಾಗಿದ ಮೂಗು, ಒಳಸರಿದ ಗದ್ದ, ಉಬ್ಬಿದ ಕೆಳತುಟಿ. ಒಂದನ್ನೂ ಬಿಡಲಿಲ್ಲ.

ಮಾರ್ಚ್ 5
ಕ್ಯಾಪ್ಟನ್ ಚಿತ್ರಕ್ಕೂ ಬಾಸ್ ತಮ್ಮದೇ ಸಹಿ ಹಾಕಿಬಿಟ್ಟರು! "ಮುಖದಲ್ಲಿ ಒಳ್ಳೆ ಗತ್ತುಂಟು" ಅಂತ ಬೇರೆ. ತನ್ನ ಮುಖ ಪಕ್ಕದಿಂದ ಹೇಗಿದೆ ಎಂದು ಯಾರು ನೋಡಿಕೊಂಡಿರುತ್ತಾರೆ? ಬಾತ್‌ರೂಮಿನಲ್ಲಿ ಬಾಯಿಗೆ ಕರ್ಚೀಫ್ ತುರುಕಿಕೊಂಡು ನಕ್ಕೆ.

ಏಪ್ರಿಲ್ 24
ದೋಣಿ ಯಾರ್ಡಿನ ಕಾಸಿಂ ಕೆತ್ತಿ ಮುಗಿಸಿದ. ಗದ್ದ ಅಚ್ಚುಕಟ್ಟಾಗಿ ಬಂದಿದೆ. ಇನ್ನು ದಿನಾ ಆ ಮುಖಕ್ಕೆ ಉಪ್ಪುನೀರು ರಾಚಲಿ.

ಮೇ 2, ಬೆಳಿಗ್ಗೆ
ನಿನ್ನೆ ಬೋಟಿನ ಉದ್ಘಾಟನೆ. ಬೊಂಬೆಗೆ ಹೊದಿಸಿದ್ದ ಬಟ್ಟೆ ಸರಿಸಿದರು. ಬಾಸ್ ಹೆಂಡತಿ ಲೋಲಾಕ್ಷಿ ಮೇಡಂ ಬೊಂಬೆ ನೋಡಿದರು, ಗಂಡನನ್ನು ನೋಡಿದರು.
"ಅಯ್ಯೋ ಮಾರಾಯ್ರೆ, ಇದು ನೀವೇ ಅಲ್ವಾ!"
ಬೋಟಿಗೆ ಬೋಟೇ ನಕ್ಕಿತು. ಮುದುಕ ನಗಲಿಲ್ಲ. ನನ್ನ ಕ್ಯಾಪ್ಟನ್‌ಗೆ ನಿನ್ನ ಮುಖ ಬರೆದುಕೊಂಡೆಯಾ ಎಂದು ಬಾಸನ್ನು ಇಂಗ್ಲಿಷಿನಲ್ಲಿ ಗದರಿಸಿದ. ಬಾಸ್ ಬೆರಳು ನನ್ನ ಕಡೆ ತಿರುಗಿತು.
"ನಾಟ್ ಮೀ ಸರ್! ದಿಸ್ ಗರ್ಲ್ ಪೇಂಟೆಡ್ ಇಟ್!"
ಹಾಗಾದರೆ ಉಳಿದ ಚಿತ್ರಗಳು? — ಮುದುಕ ನಿಧಾನವಾಗಿ ಕೇಳಿದ.
ನಾನೇ ಎಂದೆ. ಎಲ್ಲವನ್ನೂ ನಾನೇ. ಅಷ್ಟು ಸಂತೋಷ ಜನ್ಮದಲ್ಲಿ ಆಗಿರಲಿಲ್ಲ.
ಈಗಷ್ಟೇ ಬಾಸ್ ಫೋನು. ವೀಸಾ ಕ್ಯಾನ್ಸಲ್ ಮಾಡುತ್ತಾರಂತೆ. ಮಾಡಲಿ, ಊರಿಗೆ ಹೋಗುತ್ತೇನೆ. ಹೆಸರು ತಿದ್ದಿಕೊಡು ಎಂದು ಮುದುಕ ಡ್ರೈವರ್ ಕೈಯಲ್ಲಿ ಪ್ರೂಫ್ ಕಳಿಸಿದ್ದಾನೆ. ಡ್ರೈವರ್ ಬಾಗಿಲಲ್ಲೇ ಕಾಯುತ್ತಿದ್ದಾನೆ. ಮೊದಲ ಪುಟ — ಪುರಂದರ. ಹೊಡೆದುಹಾಕಲು ಈ ಪೆನ್ನು ಸಾಲದು. ದಪ್ಪ ಕೆಂಪು ಮಾರ್ಕರ್ ಒಂದಿತ್ತಲ್ಲ, ಇಲ್ಲೇ ಎಲ್ಲೋ...