ಏರದ ನಾಡಿ

ಬಳ್ಳಾರಿ
ಇಸವಿ ಎರಡು ಸಾವಿರದ ನೂರ ತೊಂಬತ್ತೊಂದು, ಎರಡನೆಯ ಬೇಸಿಗೆ

ಕೆಲಸಕ್ಕೆ ಹೋಗುವ ಮುಂಚೆ ನಸುಕಿನಲ್ಲೇ ಎದ್ದು ಮೈದಾನ ಸುತ್ತುವ ಹಿರಿಯರಿಗೆ, ನಿಮಗೆ ಬಹಳ ತಡವಾಗಿ ಹುಟ್ಟಿದ ಹುಲಿಗೆಮ್ಮ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ ನೀವು ನಗಬಹುದು. ವರ್ಷಕ್ಕೆ ಎರಡು ಬೇಸಿಗೆ ಎಣಿಸುವುದು ನಿಮಗೆ ಹೊಸದು. ನೀವು ಮಳೆಗಾಲ ಎನ್ನುತ್ತಿದ್ದುದು ನಮಗೆ ಆ ಎರಡರ ನಡುವೆ ಬಂದುಹೋಗುವ ಕೆಲವು ಮೋಡದ ದಿನಗಳು ಮಾತ್ರ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು. ನಡುವೆ ಎಲ್ಲಾದರೂ ನಮ್ಮ ಕಾಲದ ಪದಗಳು ನುಸುಳಿದರೆ ಮನ್ನಿಸಿ. ಆದರೆ ಈ ಕಾಗದವನ್ನು ಪ್ರೀತಿಯಿಂದ ಬರೆಯುತ್ತಿದ್ದೇನೆಂದು ತಿಳಿಯಬೇಡಿ. ನಿಮ್ಮ ಮೇಲೆ ನನಗೆ ಸಿಟ್ಟಿದೆ. ಯಾಕೆಂದು ಹೇಳಬೇಕಾದರೆ ನನ್ನ ಸೋದರಮಾವ ಮೈಲಾರಪ್ಪನಿಗೆ ಆದದ್ದನ್ನು ಹೇಳಬೇಕು.

ನಾವಿಬ್ಬರೂ ಊರಾಚೆಯ ನೆರಳುಹಾಳೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದೆವು. ನೆರಳುಹಾಳೆ ಎಂದರೆ ಮನೆಯ ಮಾಳಿಗೆಗೆ ಹೊದಿಸುವ ಬಿಳಿಯ ದಪ್ಪ ಹೊದಿಕೆ. ಅದಿಲ್ಲದಿದ್ದರೆ ಹಗಲಲ್ಲಿ ಒಳಗೆ ಕೂರಲಾಗುವುದಿಲ್ಲ. ಬಿಸಿಲು ಬಲಿಯುವ ಮೊದಲೇ ಕೆಲಸ ಮುಗಿಯಬೇಕಾದ್ದರಿಂದ ಇನ್ನೂ ಕತ್ತಲಿರುವಾಗಲೇ ಯಂತ್ರಗಳು ಶುರುವಾಗುತ್ತವೆ. ಅದಕ್ಕೂ ಮುಂಚೆ ಮೈಹಾಜರಿ. ಎಲ್ಲರೂ ಕಾರ್ಖಾನೆಯ ಅಂಗಳದಲ್ಲಿ ಸಾಲಾಗಿ ನಿಂತು ಕಸರತ್ತು ಮಾಡಬೇಕು. ಮಣಿಕಟ್ಟಿಗೆ ಕಟ್ಟಿರುವ ನಾಡಿಪಟ್ಟಿ ಎದೆಬಡಿತ ನೋಡುತ್ತಿರುತ್ತದೆ. ಬಡಿತ ಗೊತ್ತುಮಾಡಿದ ಗೆರೆ ಮುಟ್ಟಿದರೆ ಒಳಬಾಗಿಲು ತೆರೆಯುತ್ತದೆ. ಮುಟ್ಟದಿದ್ದರೆ ಮೈಗಳ್ಳತನವೆಂದು ಲೆಕ್ಕ, ಅಂದು ಕೆಲಸವಿಲ್ಲ. ಹಾಗೇ ಮುಂದುವರಿದರೆ ಕಾರ್ಖಾನೆ ಕೊಟ್ಟ ತಂಪುಮನೆಯೂ ಕೈಬಿಟ್ಟುಹೋಗುತ್ತದೆ. ರಾತ್ರಿಯೆಲ್ಲ ಕೂಸು ಅತ್ತಿರಲಿ, ಮುಟ್ಟಿನ ನೋವಿರಲಿ, ಕುಪ್ಪಳಿಸಲೇಬೇಕು. ಗಂಜಿ ಕುಡಿದು ಬಂದವರು ಗೋಡೆಯ ಮೂಲೆಯಲ್ಲಿ ಕಕ್ಕಿಕೊಂಡು, ಬಾಯಿ ಒರೆಸಿಕೊಂಡು, ಮತ್ತೆ ಸಾಲಿಗೆ ಬಂದು ನಿಲ್ಲುತ್ತಾರೆ. ಮೇಲಿನ ಧ್ವನಿವರ್ಧಕದಿಂದ ಹಿತವಾದ ಸಂಗೀತ ಬರುತ್ತಿರುತ್ತದೆ.

ಇಂಥ ಅಂಗಳದಲ್ಲಿ ಸಂತೋಷದಿಂದ ಇದ್ದವನು ನನ್ನ ಮಾವನೊಬ್ಬನೇ. ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವನು ಅವನು. ನಮ್ಮ ವಂಶದಲ್ಲಿ ಗರಡಿಮನೆಯ ಸಾಮು ಬಲ್ಲವನು ಅವನೇ ಕೊನೆ. ಮನೆಯ ಹಿಂದೆ ಕೆಮ್ಮಣ್ಣು ಹದಮಾಡಿ, ಎಣ್ಣೆ ಬೆರೆಸಿ, ಒಂದು ಸಣ್ಣ ಕಣ ಮಾಡಿಕೊಂಡಿದ್ದ. ಯಾರೂ ಏಳುವ ಮೊದಲು ಅಲ್ಲಿ ದಂಡ ಹೊಡೆಯುತ್ತಿದ್ದ, ಗದೆ ತಿರುವುತ್ತಿದ್ದ. ಚಿಕ್ಕವಳಿದ್ದಾಗ ನಾನು ಅವನ ಬೆನ್ನ ಮೇಲೆ ಕೂತಿರುತ್ತಿದ್ದೆ. ಬೆನ್ನು ಏರುತ್ತಿತ್ತು, ಇಳಿಯುತ್ತಿತ್ತು, ನನಗೆ ಅಲ್ಲೇ ನಿದ್ದೆ ಬರುತ್ತಿತ್ತು. ಅವನಿಗೆ ಏದುಸಿರು ಬಂದದ್ದನ್ನು ನಾನು ಕಂಡಿರಲಿಲ್ಲ. ನಾನು ಅವಸರ ಮಾಡಿದರೆ, "ಉಸಿರಿನ ಬೆನ್ನತ್ತಬ್ಯಾಡ ಹುಲಿಗಿ, ಅದು ತಾನಾ ಬರ್ತೈತಿ," ಎನ್ನುತ್ತಿದ್ದ.

ಎರಡು ವರ್ಷದ ಕೆಳಗೆ ನಾಡಿಯ ಗೆರೆಯನ್ನು ಮೇಲೇರಿಸಿದರು. ನಮ್ಮಂಥವರ ಎದೆ ನಾಲ್ಕು ಹೆಜ್ಜೆಗೇ ಡವಡವ ಹೊಡೆದುಕೊಂಡು ಆ ಗೆರೆಯನ್ನೂ ದಾಟಿತು. ಮಾವನ ಎದೆ ದಾಟಲಿಲ್ಲ. ಜೀವಮಾನವೆಲ್ಲ ಸಾಮು ಮಾಡಿದ ಎದೆ, ಎಷ್ಟು ದಂಡ ಹೊಡೆದರೂ ನಿಧಾನವಾಗಿಯೇ ಬಡಿಯಿತು. ಬಾಗಿಲು ತೆರೆಯಲಿಲ್ಲ. ಮೊದಲ ದಿನ ಎಲ್ಲರೂ ನಕ್ಕರು. "ಈ ಪಟ್ಟಿ ಲೆಕ್ಕದಾಗ ನಾ ಸತ್ತೇ ಹೋಗೀನಿ ಅಂತ ಕಾಣ್ತೈತಿ," ಎಂದು ಮಾವನೂ ನಕ್ಕ.

ವಾರ ಕಳೆಯುವಷ್ಟರಲ್ಲಿ ನಗು ನಿಂತಿತು. ಅಂಗಳದ ಮೇಲ್ವಿಚಾರಕಿ ಶಂಕ್ರಮ್ಮ ನಮ್ಮ ಓಣಿಯವಳೇ. ಮಾವ ಅವಳ ಮುಂದೆ ನಿಂತು ಕೇಳಿದ: "ನಿನ್ನ ಕಣ್ಣಾರೆ ನೋಡೀದಿ. ನಾ ಕೆಲಸಗಳ್ಳನೇನವ್ವ?"

"ಅಲ್ಲ ಕಾಕಾ. ನನಗ ಗೊತ್ತೈತಿ."

"ಮತ್ತ ಅವರಿಗೆ ಹೇಳು."

ಶಂಕ್ರಮ್ಮ ತಲೆ ಎತ್ತಲಿಲ್ಲ. "ಹೇಳೀನಿ. ಒಬ್ಬರಿಗೊಂದು ಗೆರಿ ಹಾಕಾಕ ಬರಂಗಿಲ್ಲ ಅಂದ್ರು. ಬಾಗಲಾ ನನ್ನ ಮಾತು ಕೇಳಂಗಿಲ್ಲ ಕಾಕಾ. ಹೆಂಗಾರ ಮಾಡಿ ಎದಿ ಬಡಿಸ್ಕೋ."

ಅವಳು ಹೇಳಿದಂತೆಯೇ ಮಾಡಿದ. ಬೆನ್ನಿಗೆ ಒರಳುಕಲ್ಲು ಕಟ್ಟಿಕೊಂಡು ಕೋಟೆ ಗುಡ್ಡದ ಏರು ಓಡಿ, ಹಾಗೆಯೇ ಕಾರ್ಖಾನೆಗೆ ಬರತೊಡಗಿದ. ಒಂದು ಬೆಳಿಗ್ಗೆ ದಾರಿಯಲ್ಲಿ ಎದುರಾದ. ಬಾಯಿ ತೆರೆದಿತ್ತು, ಕಣ್ಣು ಕೆಂಪಗಿದ್ದವು, ನನ್ನ ಗುರುತೂ ಹಿಡಿಯದೆ ಮುಂದೆ ಹೋದ. ಅಂದು ಬಾಗಿಲು ತೆರೆಯಿತು. ಹಿಂದಿನ ಕಣದಲ್ಲಿ ಮಣ್ಣು ಒಣಗಿ ಬಿರುಕುಬಿಟ್ಟಿತು. ಅದನ್ನು ಹದಮಾಡಲು ಅವನಲ್ಲಿ ತ್ರಾಣವೂ ಉಳಿದಿರಲಿಲ್ಲ, ಮನಸ್ಸೂ ಇರಲಿಲ್ಲ.

ಆ ವರ್ಷದ ಮೊದಲ ಬೇಸಿಗೆ ಮುಗಿಯುವ ಮುಂಚೆಯೇ ಗುಡ್ಡದ ಇಳಿಜಾರಿನಲ್ಲಿ ಕಲ್ಲಿನ ಸಮೇತ ಬಿದ್ದ. ಮೊಣಕಾಲು ತಿರುಚಿಹೋಯಿತು. ನಾನೂ ಶಂಕ್ರಮ್ಮನೂ ಹೊತ್ತು ತಂದೆವು. ನಡೆಯಬಹುದು, ಆದರೆ ಇನ್ನು ಓಡುವ ಹಾಗಿಲ್ಲ ಎಂದರು ವೈದ್ಯರು. ಕೆಲಸ ಹೋಯಿತು, ತಂಪುಮನೆ ಹೋಯಿತು. ನಾನೂ ನನ್ನ ಮಗಳು ಸಿರಿಗೌರಿಯೂ ಇರುವ ಒಂಟಿ ಕೋಣೆಗೆ ಅವನನ್ನು ಕರೆದುಕೊಂಡು ಬಂದೆ.

ಕಾಲು ಒಂದಿಷ್ಟು ಸುಧಾರಿಸಿದ ಮೇಲೆ, ಅವನಿಗೆ ಹೇಳದೆ, ಬುಟ್ಟಿಯಲ್ಲಿ ಕೆಮ್ಮಣ್ಣು ತಂದು ಕೋಣೆಯ ಮೂಲೆಯಲ್ಲಿ ಹರಡಿದೆ. ಎಣ್ಣೆ ಬೆರೆಸಿ ಕೈಯಿಂದ ಹದಮಾಡಿದೆ. ಬೆಳಿಗ್ಗೆ ಅವನು ಎದ್ದು ಅದನ್ನು ನೋಡಿದ. ಅಂಗೈ ಊರಿ ಬಾಗಿದ. ಅರ್ಧಕ್ಕೇ ನಿಂತ. ಬರಿದಾದ ತನ್ನ ಮಣಿಕಟ್ಟನ್ನೇ ನೋಡುತ್ತಿದ್ದ.

"ಇದನ್ನ ಯಾರು ನೋಡ್ತಾರ?" ಎಂದು ಕೇಳಿದ.

"ಯಾರೂ ಇಲ್ಲ ಮಾವ. ನಿನಗ ಅಂತ ಮಾಡೀನಿ."

"ಯಾರೂ ಲೆಕ್ಕ ಹಿಡೀದಿದ್ರ ಎದಕ್ಕ ಮಾಡೂದು?"

ಅವನು ಸಿಟ್ಟಿನಿಂದ ಆಡಿದ ಮಾತಲ್ಲ ಅದು. ನಿಜವಾಗಿಯೂ ತಿಳಿಯದೆ ಕೇಳಿದ. ಆಮೇಲೆ ಗೋಡೆಗೆ ಒರಗಿ ಕೂತು, "ಗುಡಿಸಿಬಿಡವ್ವ, ಕಾಲಿಗೆ ಅಂಟ್ತೈತಿ," ಎಂದ. ಗುಡಿಸಿದೆ. ಈಗಲೂ ಅಲ್ಲಿಯೇ ಕೂರುತ್ತಾನೆ. ಮೈಹಾಜರಿಯ ಸೈರನ್ ಕೇಳಿದರೆ ತೊಡೆಗಳು ತಾವಾಗಿಯೇ ನಡುಗುತ್ತವೆ.

ಹಿರಿಯರೇ, ಇದು ನಿಮ್ಮಿಂದ ಶುರುವಾಯಿತು. ನಿಮ್ಮ ಕಾಲದ ಬರಹಗಳನ್ನು ಓದಿದ್ದೇನೆ. ಮೊದಮೊದಲು ಬೆಳಗಿನ ಗಾಳಿ ಹಿತವೆಂದು ಓಡಿದಿರಿ. ಆಮೇಲೆ ಕೈಗೆ ಯಂತ್ರ ಕಟ್ಟಿಕೊಂಡು, ಎಷ್ಟು ಓಡಿದೆನೆಂದು ಒಬ್ಬರಿಗೊಬ್ಬರು ತೋರಿಸಿಕೊಂಡಿರಿ. ಸಂಬಳ ಕೊಡುವವರು, ನಮಗೂ ತೋರಿಸಿ, ಹೆಚ್ಚು ನಡೆದವರಿಗೆ ಬಹುಮಾನ ಕೊಡುತ್ತೇವೆ ಎಂದಾಗ ತೋರಿಸಿಬಿಟ್ಟಿರಿ. ಯಾರೂ ನಿಮ್ಮ ಕತ್ತು ಹಿಡಿದಿರಲಿಲ್ಲ. ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಬಹುಮಾನ ಹೋಗಿ ದಂಡ ಬಂತು, ಅವರ ಮೊಮ್ಮಕ್ಕಳ ಕಾಲಕ್ಕೆ ಬಾಗಿಲು ಬಂತು. ನನ್ನ ಮೈ ನನ್ನದು, ಅದರ ಲೆಕ್ಕ ನಿಮಗೆ ಯಾಕೆ ಎಂದು ಅಂದು ಕೇಳುವುದು ಎಷ್ಟು ಸುಲಭವಿತ್ತು! ಇಂದು ಹಾಗೆ ಕೇಳಿದವರು ಬಿಸಿಲಿನಲ್ಲಿ ಮಲಗಬೇಕು.

ನಾಳೆ ನಿಮ್ಮ ಕಚೇರಿಯವರು ನಗುನಗುತ್ತ ಕೇಳಿದರೆ ಕೊಡಬೇಡಿ. ಅಷ್ಟೇ ನನ್ನ ಬೇಡಿಕೆ. ಕೊಡುತ್ತೀರೆಂದು ನನಗೆ ಗೊತ್ತು, ಆದರೂ ಕೇಳುತ್ತಿದ್ದೇನೆ.

ಸಿರಿಗೌರಿಗೆ ಹದಿನೆಂಟು ತುಂಬಿತು. ಬರುವ ವಾರ ಅವಳಿಗೂ ನಾಡಿಪಟ್ಟಿ ಕಟ್ಟುತ್ತಾರೆ. ಇದನ್ನು ಬರೆಯುತ್ತಿರುವಾಗ ಅವಳು ನನ್ನ ಪಕ್ಕದಲ್ಲೇ ಕೂತು, ಅದರಲ್ಲಿ ಯಾವ ಬಣ್ಣ ತನ್ನ ಕೈಗೆ ಚೆಂದ ಒಪ್ಪುತ್ತದೆಂದು ಮಾವನನ್ನು ಕೇಳುತ್ತಿದ್ದಾಳೆ. ಮಾವ ಬಹಳ ಹೊತ್ತು ಯೋಚಿಸಿ, ನೀಲಿ ಎಂದ.