ಐದು ತೂತಿನ ಸಲಿಕೆ

ಜೆಬೆಲ್ ಅಲಿ, ದುಬೈ
೨೩ ಆಗಸ್ಟ್ ೨೦೨೫, ಶನಿವಾರ ಮಧ್ಯಾಹ್ನ

ಪ್ರೀತಿಯ ಚನಿಯ ಮಾವನಿಗೆ,

ನಿಮ್ಮ ಪೃಥ್ವಿರಾಜನ ನಮಸ್ಕಾರ. ಎಡಗಣ್ಣಿನ ಆಪರೇಷನ್ ಆಗಿ ಇವತ್ತಿಗೆ ಹನ್ನೊಂದು ದಿನ. ಕಣ್ಣಿನ ಪಟ್ಟಿ ಬಿಚ್ಚಿದರಾ? ಹನಿ ಔಷಧಿಯನ್ನು ಹೊತ್ತಿಗೆ ಸರಿಯಾಗಿ ಹಾಕಿಸಿಕೊಳ್ಳುತ್ತೀರಾ? ಒಂದು ತಿಂಗಳು ವರ್ಕ್‌ಶಾಪಿನ ಶಟರ್ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರೂ "ಒಂದೇ ಒಂದು ಗೇಟು, ಬೆಸುಗೆ ಹಾಕಿ ಈಗ ಬಂದೆ" ಎಂದು ಹಿಂಬಾಗಿಲಿನಿಂದ ಹೋಗಿರುತ್ತೀರಿ, ನನಗೆ ಗೊತ್ತು. ದಯವಿಟ್ಟು ಹೋಗಬೇಡಿ. ಅಮ್ಮಣ್ಣಿ ಅತ್ತೆಯ ಮೊಣಕಾಲು ಹೇಗಿದೆ? ಚೌತಿಗೆ ಕಡುಬಿನ ಮೂಡೆ ಕಟ್ಟಲು ನೆಲದಲ್ಲಿ ಕೂರದೆ ಕುರ್ಚಿಯಲ್ಲಿ ಕೂರಲಿ. ಈ ಪತ್ರವನ್ನು ನಿಮಗೆ ಯಶ್ಮಿತಾಳೇ ಓದಿ ಹೇಳಬೇಕಾಗುತ್ತದೆ. ಯಶ್ಮಿತಾ, ಅಪ್ಪನಿಗೆ ಬೇಸರವಾಗುತ್ತದೆ ಎಂದು ನಡುವೆ ಯಾವ ಸಾಲನ್ನೂ ಹಾರಿಸಬೇಡ. ಅತ್ತೆ ಅಡುಗೆಮನೆಯಲ್ಲಿ ಇರುವಾಗ ಓದಿದರೆ ಒಳ್ಳೆಯದು.

ನಾಲ್ಕು ದಿನದಿಂದ ನನ್ನ ಫೋನ್ ಬಂದಿಲ್ಲವೆಂದು ನೀವು ಚಿಂತೆ ಮಾಡುತ್ತಿರಬಹುದು. ಫೋನ್ ನನ್ನ ಕೈಯಲ್ಲಿಲ್ಲ. ನಮ್ಮ ಮ್ಯಾನೇಜರ್ ರುಡೊಲ್ಫ್ ಸರ್ ಮಂಗಳವಾರ ಸಂಜೆ "ಅದರಲ್ಲಿ ಎಂತೆಂತ ಫೋಟೋ ಉಂಟು ಅಂತ ಒಮ್ಮೆ ನೋಡಿ ಕೊಡ್ತೇನೆ" ಎಂದು ತೆಗೆದುಕೊಂಡು ಹೋದವರು ಇನ್ನೂ ಕೊಟ್ಟಿಲ್ಲ. ಸ್ಟೋರಿನ ವಿಲ್ಸನ್ ರಜೆಯಲ್ಲಿ ನಾಳೆ ಮಂಗಳೂರಿಗೆ ಹೊರಡುತ್ತಾನೆ. ಅವನ ಕೈಯಲ್ಲಿ ಈ ಪತ್ರ ಕಳಿಸುತ್ತೇನೆ. ಪತ್ರ ಬರೆದು ಅಭ್ಯಾಸವಿಲ್ಲ. ಶಾಲೆಯಲ್ಲಿ ರಜಾ ಅರ್ಜಿಯನ್ನೂ ನೀವೇ ಬರೆದುಕೊಡುತ್ತಿದ್ದಿರಿ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಹಿಮ ಎತ್ತುವ ಸಲಿಕೆ ಮಾಡುತ್ತಿದ್ದೇನೆ ಎಂದಾಗ ನೀವು ಫೋನಿನಲ್ಲಿ ಎಷ್ಟು ನಕ್ಕಿದ್ದಿರಿ! ಹೊರಗೆ ನಲವತ್ತಾರು ಡಿಗ್ರಿ, ಒಳಗೆ ಹಿಮದ ಸಲಿಕೆ. ನಮ್ಮ ಕಂಪನಿಗೆ ಕೆನಡಾದ ಒಂದು ಅಂಗಡಿಯವರಿಂದ ಆರ್ಡರ್ ಬಂದಿತ್ತು. ಅಲ್ಲಿ ಮನೆ ಮುಂದೆ ಬಿದ್ದ ಹಿಮವನ್ನು ಅವರವರೇ ಎತ್ತಿ ಹಾಕಬೇಕಂತೆ. ಉದ್ದ ಜನರಿಗೂ ಗಿಡ್ಡ ಜನರಿಗೂ ಒಂದೇ ಅಳತೆಯ ಹಿಡಿ ಇದ್ದರೆ ಸೊಂಟ ಹಿಡಿಯುತ್ತದೆ. ಹಿಡಿಯನ್ನು ಬೇಕಾದಷ್ಟು ಉದ್ದ ಮಾಡುವ ಹಾಗೆ ಇರಬೇಕು ಎಂದು ಅವರ ಬೇಡಿಕೆ. ಇಲ್ಲಿಯ ಸಿಲಿಕಾನ್ ಓಯಸಿಸ್‌ನಲ್ಲಿರುವ ನಮ್ಮ ಆಫೀಸಿನಲ್ಲಿ ಇಬ್ಬರು ಇಂಜಿನಿಯರುಗಳು ಕಂಪ್ಯೂಟರಿನಲ್ಲಿ ಚಿತ್ರ ಬರೆದು ಕಳಿಸಿದ್ದರು. ಅದರ ತಿರುಪು ಎರಡೇ ದಿನದಲ್ಲಿ ಸವೆಯಿತು. ಆಗ ನನಗೆ ನೀವು ಮಾಡಿದ ಮಾವಿನಕಾಯಿ ಕೊಯ್ಯುವ ಕೊಕ್ಕೆ ನೆನಪಾಯಿತು. ಪೈಪಿನೊಳಗೆ ಪೈಪು, ಒಳಗಿನದರಲ್ಲಿ ಸ್ಪ್ರಿಂಗಿನ ಗುಂಡಿ, ಹೊರಗಿನದರಲ್ಲಿ ತೂತು. ಗುಂಡಿ ಒತ್ತಿ ಎಳೆದರೆ ಮುಂದಿನ ತೂತಿಗೆ ಹೋಗಿ ಟಕ್ ಎಂದು ಕೂರುತ್ತದೆ. ಐದು ತೂತು, ಐದು ಉದ್ದ. ವರ್ಕ್‌ಶಾಪಿನಲ್ಲಿ ಅರ್ಧ ದಿನದಲ್ಲಿ ಮಾಡಿ ತೋರಿಸಿದೆ. ಎಲ್ಲರಿಗೂ ಖುಷಿ. ಹತ್ತನೆಯ ತರಗತಿಯಲ್ಲಿ ಬೆಂಚು ಬಿಟ್ಟು ಎದ್ದುಬಂದವನ ಹೆಸರನ್ನು ಡ್ರಾಯಿಂಗಿನ ಮೂಲೆಯಲ್ಲಿ ಹಾಕಿದರು. ನಿಮಗೆ ಅದರ ಫೋಟೋ ಕಳಿಸಿದ್ದೆ. ಅತ್ತೆ ಅದನ್ನು ಪಕ್ಕದ ಮನೆಯವರಿಗೆಲ್ಲ ತೋರಿಸಿದ್ದಾರೆ ಎಂದು ಯಶ್ಮಿತಾ ಹೇಳಿದಳು. ತೋರಿಸಬಾರದಿತ್ತು.

ನನ್ನ ಜೊತೆಗಾರ ಸವಾದನ ಬಗ್ಗೆ ಮೊದಲೇ ಹೇಳಿದ್ದೇನೆ. ಉಳ್ಳಾಲದವನು, ನನಗಿಂತ ನಾಲ್ಕು ವರ್ಷ ದೊಡ್ಡವನು. ಮೊದಲು ಮಂಗಳೂರಿನ ಬಂದರಿನಲ್ಲಿ ಮೀನಿಗೆ ಮಂಜುಗಡ್ಡೆ ತುಂಬುತ್ತಿದ್ದ. ನನ್ನನ್ನು ಅವನು "ಓ ಇಂಜಿನಿಯರ್ರೇ" ಎಂದೇ ಕರೆಯುವುದು. "ನೀವು ಹಿಮ ನೋಡಿದ್ದು ಫ್ರಿಜ್ಜಲ್ಲಿ, ನಾನು ನೋಡಿದ್ದು ಬಂಗುಡೆ ಮೇಲೆ. ನಮ್ಮಿಬ್ಬರ ಸಲಿಕೆ ಹಿಡಿದು ಕೆನಡಾದವ ಎಂತ ಮಾಡ್ತಾನೋ ದೇವರಿಗೇ ಗೊತ್ತು" ಎಂದು ನಗಿಸುತ್ತಿದ್ದ. ಅವನ ಹೆಂಡತಿ ರಸೀನಾ ಊರಿನಲ್ಲಿದ್ದಾರೆ, ಬಸುರಿ. ಮಗುವಿಗೆ ಒಂದು ಗಿಡ್ಡ ಸಲಿಕೆ ಮಾಡಿಕೊಡು, ಮರಳಲ್ಲಿ ಆಡಲಿಕ್ಕೆ ಎಂದು ಕೇಳಿದ್ದ.

ಹಿಮ ಇಲ್ಲದ ಊರಿನಲ್ಲಿ ಹಿಮದ ಸಲಿಕೆಯನ್ನು ಹೇಗೆ ಪರೀಕ್ಷೆ ಮಾಡುವುದು? ನಾವು ಮರಳಿನಲ್ಲಿ ಮಾಡಿದೆವು. ವರ್ಕ್‌ಶಾಪಿನ ಹಿಂದೆ ಬೇಕಾದಷ್ಟು ಮರಳಿದೆ, ಹಿಮಕ್ಕಿಂತ ಭಾರ. ಮೂರು ವಾರ ಎತ್ತಿದೆವು, ಒಂದು ಗುಂಡಿಯೂ ಜಾರಲಿಲ್ಲ. ನಾಲ್ಕು ಸಾವಿರದ ಎಂಟುನೂರು ಸಲಿಕೆ ತಯಾರಾಗಿ ಪೆಟ್ಟಿಗೆಗೆ ಹೋದವು. ಕೊನೆಗೆ ಕೆನಡಾದವರು ಚಳಿಯಲ್ಲಿ ಬಳಸುವ ಒಂದು ವಿಡಿಯೋ ಬೇಕು ಎಂದರು. ಪಕ್ಕದ ಗೋದಾಮಿನಲ್ಲಿ ಮೀನಿನ ಫ್ರೀಜರ್ ಕೋಣೆಯಿದೆ, ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ. ಅಲ್ಲಿ ಗೋಡೆಯಿಂದ ಕೆರೆದ ಮಂಜನ್ನು ರಾಶಿ ಹಾಕಿಸಿ ರುಡೊಲ್ಫ್ ಸರ್ ವಿಡಿಯೋ ತೆಗೆಯುವುದು ಎಂದಾಯಿತು. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ. ಪರೀಕ್ಷೆಗೆ ಬಳಸಿದ್ದ ಸಲಿಕೆಯೇ ಕೈಗೆ ಸಿಕ್ಕಿತು, ಮೈತುಂಬ ಮರಳು. ನಾನು ಸವಾದನಿಗೆ ಹೇಳಿದೆ, ತೊಳೆದು ತಾ ಎಂದು. ನಲ್ಲಿಯ ಪೈಪ್ ಹಿಡಿದು ಒಳಗೂ ಹೊರಗೂ ಚೆನ್ನಾಗಿ ತೊಳೆ ಎಂದೆ. ನಮ್ಮ ವರ್ಕ್‌ಶಾಪಿನಲ್ಲಿ ನೀವು ಕಲಿಸಿದ್ದೇ ಹಾಗಲ್ಲವೇ ಮಾವ, ತೊಳೆಯದ ಸಾಮಾನನ್ನು ಇನ್ನೊಬ್ಬರ ಕೈಗೆ ಕೊಡಬಾರದೆಂದು. ನಿಮ್ಮ ತಪ್ಪೆಂದು ಬರೆಯುತ್ತಿಲ್ಲ. ಊರಿನಲ್ಲಿ ಅದು ಸರಿಯೇ. ಇಲ್ಲಿಯ ಬಿಸಿಲಿಗೂ ಸರಿಯೇ, ಐದು ನಿಮಿಷದಲ್ಲಿ ಒಣಗುತ್ತದೆ. ಆದರೆ ಅವತ್ತು ಐದು ನಿಮಿಷ ಬಿಡಲಿಲ್ಲ. ರುಡೊಲ್ಫ್ ಸರ್ "ಯಲ್ಲಾ, ಯಲ್ಲಾ" ಎನ್ನುತ್ತಿದ್ದರು. ನೀರು ಹಿಡಿಯ ಪೈಪಿನೊಳಗೇ ಇತ್ತು.

ಫ್ರೀಜರ್ ಒಳಗೆ ಆ ನೀರು ಗಟ್ಟಿಯಾಗಿ ಸ್ಪ್ರಿಂಗನ್ನು ಹಿಡಿದುಕೊಂಡಿತು. ಸವಾದ್ ಉದ್ದ ಮಾಡಲು ಎಳೆದಾಗ ಗುಂಡಿ ತೂತಿನ ಅಂಚಿನಲ್ಲಿ ಅರ್ಧ ಮಾತ್ರ ಮೇಲೆ ಬಂದಿತು. ನೋಡಿದರೆ ಕೂತ ಹಾಗೆಯೇ ಕಾಣುತ್ತದೆ. ಅವನು ಎರಡು ಸಲ ಮಂಜು ಎತ್ತಿ ಹಾಕಿದ. ಕ್ಯಾಮೆರಾ ನೋಡಿ ನಕ್ಕ. ಮೂರನೆಯ ಸಲ ಗಟ್ಟಿ ರಾಶಿಗೆ ಮೈಭಾರ ಹಾಕಿ ದೂಡಿದಾಗ ಪೈಪು ಪೈಪಿನೊಳಗೆ ಹೋಯಿತು. ಅವನು ಮುಗ್ಗರಿಸಿ ಹಿಡಿಯ ತುದಿಯ ಮೇಲೆ ಬಿದ್ದ. ತುದಿ ಕುತ್ತಿಗೆಗೆ ಬಡಿಯಿತು. ಕೂಗಲಿಲ್ಲ. ಕೂಗಲು ಆಗಲಿಲ್ಲ. ಬಾಯಿ ತೆರೆದು ನನ್ನನ್ನು ನೋಡಿದ, ಅಷ್ಟೆ. ಈಗ ಆಸ್ಪತ್ರೆಯಲ್ಲಿ ಗಂಟಲಿಗೆ ನಳಿಗೆ ಹಾಕಿ ಮಲಗಿಸಿದ್ದಾರೆ. ಬುಧವಾರ ಹೋಗಿದ್ದೆ. ಅಲ್ಲಿ ಸಕೀನ ಎಂದು ವಿಟ್ಲ ಕಡೆಯ ನರ್ಸ್ ಇದ್ದಾರೆ. ಕಿಟಕಿಯ ಹತ್ತಿರ ಕರೆದು ಮೆಲ್ಲಗೆ ಹೇಳಿದರು: "ಊತ ಇಳೀಲಿಲ್ಲ. ಮಾತು ಬರ್ತದೋ ಇಲ್ವೋ ಈಗ ಹೇಳ್ಲಿಕ್ಕೆ ಆಗುದಿಲ್ಲ. ನಿಮ್ಮ ಆಫೀಸಿನವರು ಯಾರನ್ನೂ ಒಳಗೆ ಬಿಡ್ಬೇಡಿ ಅಂದಿದ್ದಾರೆ, ನೀವು ಹೋಗಿ ಅಣ್ಣ." ಗುರುವಾರದಿಂದ ನನಗೆ ಹೊರಗೆ ಹೋಗಲು ಗೇಟ್ ಪಾಸ್ ಕೊಟ್ಟಿಲ್ಲ.

ಬುಧವಾರ ಸಂಜೆಯೇ ರುಡೊಲ್ಫ್ ಸರ್ ಕೋರಿ ರೊಟ್ಟಿ ಕಟ್ಟಿಸಿಕೊಂಡು ನನ್ನ ರೂಮಿಗೆ ಬಂದಿದ್ದರು. ಎಂದೂ ಬಂದವರಲ್ಲ. ಮಂಚದ ಮೇಲೆ ಕೂತು ನಿಮ್ಮ ಕಣ್ಣಿನ ಬಗ್ಗೆ ಕೇಳಿದರು. ಆಮೇಲೆ ಒಂದು ಕಾಗದ ತೆಗೆದರು. ಸವಾದ್ ಕಂಪನಿ ಕೊಟ್ಟ ಬೂಟು ಹಾಕದೆ ಚಪ್ಪಲಿಯಲ್ಲಿ ಒಳಗೆ ಹೋಗಿ ಜಾರಿ ಬಿದ್ದ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು ಅದರಲ್ಲಿ ಬರೆದಿತ್ತು. "ಒಂದು ಸೈನ್ ಹಾಕು ಮಾರಾಯ, ಖಲಾಸ್" ಎಂದರು. ಅವನು ಬೂಟು ಹಾಕಿದ್ದ ಸರ್, ಕೈಯಲ್ಲಿ ದಪ್ಪ ಗ್ಲೌಸ್ ಇತ್ತೆಂದು ಲೇಸು ಕಟ್ಟಿದ್ದು ನಾನೇ ಎಂದೆ. "ಅದನ್ನು ಯಾರಾದ್ರೂ ನಿನ್ನತ್ರ ಕೇಳಿದ್ರಾ?" ಎಂದರು. ವಿಡಿಯೋದಲ್ಲಿ ಕಾಣುತ್ತದಲ್ಲ ಎಂದೆ. "ಎಂತ ವಿಡಿಯೋ?" ಎಂದು ರೊಟ್ಟಿ ಮುರಿದು ನನ್ನ ತಟ್ಟೆಗೆ ಹಾಕಿದರು. ಹೋಗುವಾಗ ಬಾಗಿಲಲ್ಲಿ ನಿಂತು ತುಂಬ ಮೆತ್ತಗೆ ಹೇಳಿದರು: "ನಿನ್ನ ಒಳ್ಳೇದಕ್ಕೇ ಹೇಳುದು ಪೃಥ್ವಿ. ಸಲಿಕೆದೇ ತಪ್ಪು ಅಂತಾದ್ರೆ ಡ್ರಾಯಿಂಗಿನ ಮೂಲೆಯಲ್ಲಿ ಯಾರ ಹೆಸರುಂಟು, ಯೋಚನೆ ಮಾಡು. ನನ್ನದಂತೂ ಅಲ್ಲ."

ಅವರು ಹೇಳಿದ್ದು ಸುಳ್ಳಲ್ಲ. ಎರಡು ದಿನ ಅದನ್ನೇ ಯೋಚಿಸಿದೆ. ಸಲಿಕೆಯದೇ ತಪ್ಪು, ಹಾಗಾಗಿ ನನ್ನದು. ಮರಳು ಒಣಗಿದ್ದು, ಹಿಮ ಎಂದರೆ ನೀರು. ಕೆನಡಾದವನು ಸಲಿಕೆಯನ್ನು ಮನೆಯೊಳಗೆ ಇಡುತ್ತಾನೆ, ಹಿಮ ಕರಗಿ ಪೈಪಿನೊಳಗೆ ಇಳಿಯುತ್ತದೆ, ಮರುದಿನ ಹೊರಗೆ ತಂದಾಗ ಗಟ್ಟಿಯಾಗುತ್ತದೆ. ಫ್ರೀಜರಿನಲ್ಲಿ ಒಂದು ಸಲ ಆದದ್ದು ಅಲ್ಲಿ ದಿನಾ ಆಗುತ್ತದೆ. ನಾಲ್ಕು ಸಾವಿರದ ಎಂಟುನೂರು ಮನೆಗಳಲ್ಲಿ. ಅದನ್ನು ಸರಿ ಮಾಡಲು ಆಗುತ್ತದೆ ಮಾವ, ದೊಡ್ಡ ಕೆಲಸವೇನಲ್ಲ. ಗುಂಡಿ ತೆಗೆದು ಹೊರಗಿನಿಂದ ಬಿಗಿಯುವ ಪಟ್ಟಿ ಹಾಕಬೇಕು, ಗ್ಲೌಸ್ ಹಾಕಿದ ಕೈಗೆ ಸಿಗುವಷ್ಟು ದೊಡ್ಡದು, ಮತ್ತೆ ಪೈಪಿನ ಬುಡದಲ್ಲಿ ನೀರು ಇಳಿದು ಹೋಗಲು ಒಂದು ತೂತು. ಎರಡು ವಾರ ಕೊಟ್ಟರೆ ಎಲ್ಲ ಪೆಟ್ಟಿಗೆ ಬಿಚ್ಚಿ ನಾನೇ ಕೂತು ಮಾಡುತ್ತೇನೆ ಎಂದು ರುಡೊಲ್ಫ್ ಸರ್‌ಗೆ ಹೇಳಿದೆ. ಕಂಟೇನರ್ ಸೋಮವಾರ ಹೊರಡುತ್ತದೆ, ಹಿಮ ನಿನಗಾಗಿ ಕಾಯುವುದಿಲ್ಲ ಎಂದು ಉತ್ತರ ಬಂತು. ನಿನ್ನೆ ನಡೆದದ್ದನ್ನೆಲ್ಲ ಕನ್ನಡದಲ್ಲೇ ಎರಡು ಹಾಳೆ ಬರೆದು, ಸಹಿ ಹಾಕಿ ರುಡೊಲ್ಫ್ ಸರ್ ಕೈಗೆ ಕೊಟ್ಟೆ. ಅವರು ಓದಿದರು. ಪೂರ್ತಿ ಓದಿದರು. ಮಡಿಸಿ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. "ಸೋಮವಾರ ಬಟ್ಟೆಬರೆ ಕಟ್ಟಿಕೋ, ಸ್ವಲ್ಪ ದಿನ ಅಬುಧಾಬಿಯಲ್ಲಿರು. ಅಲ್ ರೀಮ್‌ನಲ್ಲಿ ನಮ್ಮದೊಂದು ಕೆಲಸ ಉಂಟು, ತಲೆ ತಣ್ಣಗಾಗ್ತದೆ" ಎಂದರು. ಅಲ್ಲಿ ನಮ್ಮ ಕಂಪನಿಯ ಕೆಲಸ ಇರುವುದು ಇಲ್ಲಿ ಯಾರಿಗೂ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಎದ್ದಾಗ ನನ್ನ ಮಂಚದ ಪಕ್ಕ ಯಾರದೋ ಹೊಸ ಸೂಟ್‌ಕೇಸ್ ಇತ್ತು. ಮೇಲೆ ನನ್ನ ಮಂಚದ ನಂಬರು ಬರೆದಿದೆ, ಮಂಚವನ್ನು ಆಗಲೇ ಇನ್ನೊಬ್ಬನಿಗೆ ಕೊಟ್ಟಾಗಿದೆ.

ಮೇಲೆ ಬರೆದದ್ದರಲ್ಲಿ ಒಂದು ಮಾತು ಬಿಟ್ಟಿದ್ದೇನೆ. ಬಿಟ್ಟದ್ದು ಮರೆತಲ್ಲ. ಡ್ರಾಯರಿಗೆ ಹೋದ ಹಾಳೆಯಲ್ಲಿ ಅದನ್ನು ಬರೆದಿದ್ದೆ, ನಿಮಗೆ ಬರೆಯಲು ನಾಚಿಕೆಯಾಯಿತು. ಸವಾದ್ ಸಲಿಕೆಯನ್ನು ಉದ್ದ ಮಾಡಿದಾಗ ಟಕ್ ಎಂಬ ಸದ್ದು ಬರಲಿಲ್ಲ. ಮೂರು ವಾರದಲ್ಲಿ ಸಾವಿರ ಸಲ ಆ ಸದ್ದು ಕೇಳಿದ ಕಿವಿ ನನ್ನದು. ಬರಲಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ನಿಲ್ಲಿಸು ಎನ್ನಬೇಕಿತ್ತು. ವಿಡಿಯೋ ಶುರುವಾಗಿತ್ತು, ನನಗೂ ಚಳಿಯಿತ್ತು, ನನ್ನ ಸಲಿಕೆ ಕೆನಡಾದವರ ಎದುರು ಕೆಟ್ಟದಾಗಿ ಕಾಣಬಾರದು ಎಂದಿತ್ತು. ಸುಮ್ಮನಿದ್ದೆ. ಶಾಲೆಯಲ್ಲಿ ಲೆಕ್ಕದ ಪೇಪರಿನ ಕೆಳಗೆ "ಇದು ಪಕ್ಕದವನದನ್ನು ನೋಡಿ ಬರೆದದ್ದು" ಎಂದು ಬರೆದು ಸೊನ್ನೆ ತಂದಿದ್ದೆ, ನೀವು ಬೈಯದೆ ಬೆನ್ನು ತಟ್ಟಿದ್ದಿರಿ. ಮಂಗಳವಾರ ನಾನು ಆ ಹುಡುಗ ಆಗಿರಲಿಲ್ಲ.

ಊರಿನಲ್ಲಿ ರಸೀನಾ ಅವರಿಗೆ, ಚಪ್ಪಲಿ ಜಾರಿ ಬಿದ್ದದ್ದು, ನಾಲ್ಕು ದಿನದಲ್ಲಿ ಸರಿಯಾಗುತ್ತದೆ ಎಂದು ಆಫೀಸಿನಿಂದ ಫೋನ್ ಹೋಗಿದೆಯಂತೆ. ಆ ಕಾಗದಕ್ಕೆ ನಾನು ಸಹಿ ಹಾಕಿದರೆ ತಪ್ಪೆಲ್ಲ ಸವಾದನದ್ದೇ ಆಗುತ್ತದೆ, ಅವನಿಗೆ ಅಲ್ಲವೆನ್ನಲು ಬಾಯಿಯಿಲ್ಲ. ಸಲಿಕೆಗಳೂ ಹೋಗುತ್ತವೆ. ಹಾಕದಿದ್ದರೆ ನನಗೆ ಏನಾಗುತ್ತದೋ ಗೊತ್ತಿಲ್ಲ. ನಾನು ಹಾಕುವುದಿಲ್ಲ. ಸೋಮವಾರದವರೆಗೆ ಸಮಯವಿದೆ. ನಾಳೆ ಕಂಟೇನರ್ ತುಂಬುವ ಕಡೆ ಹೋಗಿ ಎಲ್ಲರೆದುರು ಹೇಳುತ್ತೇನೆ ಎಂದುಕೊಂಡಿದ್ದೇನೆ.

ಅತ್ತೆಗೆ ನಾನು ಚೆನ್ನಾಗಿ ಊಟ ಮಾಡುತ್ತಿದ್ದೇನೆ ಎಂದು ಹೇಳಿ, ಅದು ನಿಜವೇ, ಊಟ ಸೇರುತ್ತದೆ. ಯಶ್ಮಿತಾಳ ಪರೀಕ್ಷೆ ಚೆನ್ನಾಗಿ ಆಗಲಿ. ನಿಮ್ಮ ಕಣ್ಣಿಗೆ ಹೊಗೆ, ಧೂಳು ತಾಗದಿರಲಿ. ನಿಮ್ಮ ಕಾಲಿಗೆ ಇಲ್ಲಿಂದಲೇ ಬಿದ್ದು ಮುಗಿಸುತ್ತೇನೆ.

ನಿಮ್ಮ ಅಳಿಯ,
ಪೃಥ್ವಿರಾಜ್

ಮರೆತ ಮಾತು: ವಿಲ್ಸನ್ ಪತ್ರ ಒಯ್ಯಲು ಬಂದು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಅವನು ಸ್ಟೋರಿನ ಫೈಲಿನಲ್ಲಿ ಕಂಡದ್ದು ಇದು. ಕಂಟೇನರ್ ಸೋಮವಾರ ಅಲ್ಲ, ಇವತ್ತು ಬೆಳಿಗ್ಗೆಯೇ ಬಂದರಿಗೆ ಹೋಗಿದೆ. ಸವಾದ್ ಚಪ್ಪಲಿಯಲ್ಲಿ ಜಾರಿ ಬಿದ್ದ ಎಂಬ ಆ ಕಾಗದವೂ ನಿನ್ನೆಯೇ ಹೋಗಿದೆ, ಅದರ ಕೆಳಗೆ ನನ್ನ ಸಹಿ ಇದೆ, ಇಂಗ್ಲಿಷಿನಲ್ಲಿ. ನಾನು ಇಂಗ್ಲಿಷಿನಲ್ಲಿ ಸಹಿ ಹಾಕುವುದಿಲ್ಲ, ಪಾಸ್‌ಪೋರ್ಟಿನಲ್ಲೂ ಕನ್ನಡದಲ್ಲೇ ಇದೆ, ನಿಮಗೆ ಗೊತ್ತು. ಅಬುಧಾಬಿಯ ವ್ಯಾನ್ ಈಗಲೇ ಕೆಳಗೆ ಬಂದು ನಿಂತಿದೆ, ಎರಡು ಸಲ ಹಾರ್ನ್ ಹಾಕಿದರು. ಮಾವ, ಹಾಗಾದರೆ ನಿಜ ಇರುವ, ನನ್ನ ಸಹಿ ಇರುವ ಕಾಗದ ಹೊರಗೆ ಉಳಿದದ್ದು ಇದೊಂದೇ. ಪ್ರತಿ ಹಾಳೆಯ ಕೆಳಗೂ ಸಹಿ ಹಾಕಿದ್ದೇನೆ. ಇದನ್ನು ಹರಿಯಬೇಡಿ, ನನಗೆ ತೊಂದರೆಯಾಗುತ್ತದೆ ಎಂದು ಮುಚ್ಚಿಡಬೇಡಿ. ಕಪ್ಪು ಕನ್ನಡಕ ಹಾಕಿಕೊಂಡು ನೀವೇ ಉಳ್ಳಾಲಕ್ಕೆ ಹೋಗಿ, ರಸೀನಾ ಅವರ ಕೈಗೇ ಕೊಡಿ. ಯಶ್ಮಿತಾ ಓದಿ ಹೇಳಲಿ. ನಾನು ಸುಮ್ಮನಿದ್ದೆ ಎಂದು ಬರೆದ ಭಾಗವನ್ನು ಮೊದಲು ಓದಲಿ.

ಪೃಥ್ವಿರಾಜ್